ಎಲ್ಲಿಗೆ ಹೊರಟ್ರಿ, ನಡ್ಕೊಂಡು?

ಒಳಗೆ ಬರುವಾಗ ಬಾಗಿಲಲ್ಲಿ ನಿಂತಿದ್ದ ಹುಡುಗ ಕೇಳಿದ, ‘ಮೇಡಂ, ಗಾಡಿ ಎಲ್ಲಿ ನಿಲ್ಸಿದ್ರಿ? ರೋಡಲ್ಲಿ ಬಿಟ್ರೆ ಎತ್ಕೊಂಡು ಹೋಗ್ತಾರೆ.’ ‘ನಟರಾಜ ಸರ್ವೀಸಪ್ಪ’ ಅಂದೆ. ‘ಅದು ಯಾವ ಟ್ರಾವೆಲ್ಸ್ ಮೇಡಂ?’ ಅಂದ.

ಈಗ ನಗುತ್ತಿದ್ದೀರಲ್ಲ, ನೀವೆಲ್ಲ ಐವತ್ತು ದಾಟಿದವರು. ನಮ್ಮ ಕಾಲದಲ್ಲಿ ನಡೆದು ಬಂದವರನ್ನು ಹೇಗೆ ಬಂದ್ರಿ ಅಂದರೆ ಎರಡೇ ಉತ್ತರ. ಒಂದು ನಟರಾಜ ಸರ್ವೀಸು. ಇನ್ನೊಂದು ಹನ್ನೊಂದನೇ ನಂಬರ್ ಬಸ್ಸು. ಎರಡು ಕಾಲು ಜೋಡಿಸಿ ನಿಂತರೆ ಹನ್ನೊಂದರ ಹಾಗೇ ಕಾಣುತ್ತದೆ, ಅದಕ್ಕೆ. ಬಸ್ ಚಾರ್ಜಿಗೆ ದುಡ್ಡಿಲ್ಲದವರು ಮಾನ ಉಳಿಸಿಕೊಳ್ಳಲು ಕಟ್ಟಿದ ತಮಾಷೆ ಇದು. ಇವತ್ತು ಬಸ್ ಚಾರ್ಜಿಗೆ ದುಡ್ಡಿದ್ದೂ ನಡೆಯುವವಳು ನಾನು. ಹಾಗಾಗಿ ಆ ತಮಾಷೆ ನನ್ನ ಬಾಯಲ್ಲಿ ಸ್ವಲ್ಪ ಕಳ್ಳಮಾಲು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲೇ ಒಂದು ಮಾತು. ಆಹ್ವಾನಪತ್ರದಲ್ಲಿ ‘ನಡಿಗೆ ಮತ್ತು ಆರೋಗ್ಯ’ ಅಂತ ಅಚ್ಚಾಗಿದೆ. ಆರೋಗ್ಯದ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಕೌಂಟರ್ ಹಿಂದೆ ಕೂತು ರಿಟೈರ್ ಆದವಳು. ನಡೆದರೆ ಶುಗರ್ ಇಳಿಯುತ್ತದಾ ಅಂತ ಕೇಳಬೇಡಿ. ನಡೆದರೆ ಖುಷಿ ಆಗುತ್ತದಾ ಅಂತ ಕೇಳಿ, ಹೇಳುತ್ತೇನೆ.

ಆರೋಗ್ಯ ಅಂದಮೇಲೆ ಒಂದು ಕಥೆ ನೆನಪಾಯಿತು, ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕು ಅಂತ ಈಗ ಎಲ್ಲರ ಫೋನೂ ಹೇಳುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ರಾತ್ರಿ ಹನ್ನೊಂದು ಗಂಟೆಗೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡುತ್ತಿರುತ್ತಾರೆ. ಇನ್ನೂ ಆರು ನೂರು ಬಾಕಿ ಇದೆಯಂತೆ! ಈ ಹತ್ತು ಸಾವಿರ ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ಆಯಿತು. ಮಾರನೇ ವರ್ಷ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ತಂದಿತು. ಹೆಸರು ‘ಮಾನ್ಪೊ-ಕೇ’. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅದು ಮಾರಾಟಕ್ಕಾಗಿ ಇಟ್ಟ ಹೆಸರು. ಅರವತ್ತು ವರ್ಷ ಆಯಿತು, ಇವತ್ತಿಗೂ ನಾವು ಆ ಹೆಸರಿನ ಸಾಲ ತೀರಿಸುತ್ತಿದ್ದೇವೆ. ಎಣಿಸಬೇಡಿ ಅಂತಲ್ಲ. ಎಣಿಸುತ್ತಾ ಇದ್ದರೆ ದಾರಿ ಕಾಣುವುದಿಲ್ಲ, ಅಷ್ಟೇ. ನಾನು ಇಡೀ ಜನ್ಮ ನೋಟು ಎಣಿಸಿದವಳು. ಎಣಿಸುವಾಗ ಎದುರಿಗೆ ಯಾರು ನಿಂತಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ.

ನನ್ನ ನಡಿಗೆ ಶುರುವಾದದ್ದು ಯಾವ ಆದರ್ಶದಿಂದಲೂ ಅಲ್ಲ. ಸ್ಕೂಟರ್ ಕೆಟ್ಟಿತು. ಗ್ಯಾರೇಜಿನವರು ಒಂದು ಪಾರ್ಟು ಬರಬೇಕು ಮೇಡಂ, ನಾಳೆ ಬರುತ್ತೆ ಅಂದರು. ಆ ನಾಳೆಗೆ ಹತ್ತೊಂಬತ್ತು ದಿನ ಹಿಡಿಯಿತು. ನನ್ನ ಮನೆ ಕುವೆಂಪುನಗರದಲ್ಲಿ. ಬ್ಯಾಂಕು ದೇವರಾಜ ಮಾರುಕಟ್ಟೆಯ ಹತ್ತಿರ. ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ. ಎರಡು ದಿನ ಆಟೋದಲ್ಲಿ ಹೋದೆ. ಮೂರನೇ ದಿನ ಆಟೋದವನ ಜೊತೆ ಜಗಳ ಆಯಿತು. ಸಿಟ್ಟಿನಲ್ಲಿ ಇಳಿದು ನಡೆದೇಬಿಟ್ಟೆ. ನನ್ನ ನಡಿಗೆಯ ಮೂಲ ಸಿಟ್ಟು ಅನ್ನುವುದನ್ನು ದಯವಿಟ್ಟು ಬರೆದುಕೊಳ್ಳಿ.

ಸ್ಕೂಟರಿನಲ್ಲಿ ಕಾಲು ಗಂಟೆಯ ದಾರಿ. ನಡೆದರೆ ಐವತ್ತೈದು ನಿಮಿಷ. ನಡೆದರೆ ಟೈಮ್ ಉಳಿಯುತ್ತದೆ, ಪಾರ್ಕಿಂಗ್ ಹುಡುಕುವ ಹೊತ್ತು ಸೇರಿಸಿ ನೋಡಿ ಅಂತೆಲ್ಲ ಹೇಳುವವರಿದ್ದಾರೆ. ಸುಳ್ಳು. ನಡೆದರೆ ಟೈಮ್ ಜಾಸ್ತಿಯೇ ಹಿಡಿಯುತ್ತದೆ. ನಲವತ್ತು ನಿಮಿಷ ನಷ್ಟ. ಆ ನಲವತ್ತು ನಿಮಿಷದಲ್ಲಿ ಏನು ಸಿಕ್ಕಿತು ಅನ್ನುವುದಷ್ಟೇ ಮಾತು.

ಮೊದಲು ಸಿಕ್ಕಿದ್ದು ಏರು. ಇಪ್ಪತ್ತೆರಡು ವರ್ಷ ಅದೇ ರಸ್ತೆಯಲ್ಲಿ ಗಾಡಿ ಓಡಿಸಿದ್ದೇನೆ. ಅಲ್ಲಿ ಏರು ಇದೆ ಅಂತ ನನಗೆ ಗೊತ್ತಿರಲಿಲ್ಲ. ಗಾಡಿ ಹತ್ತುತ್ತಿತ್ತು, ನಾನಲ್ಲ. ಮೈಸೂರು ಸಪಾಟಾದ ಊರು ಅಂದುಕೊಂಡಿದ್ದೆ. ನಡೆದಾಗ ಮೀನಖಂಡ ಹೇಳಿತು, ಇಲ್ಲ ಕಣೇ, ಇದು ಏರು, ಇದು ಇಳಿಜಾರು, ಇಲ್ಲಿ ಬಿದ್ದ ಮಳೆ ಆ ಕಡೆ ಹೋಗುತ್ತದೆ. ಆಮೇಲೆ ಮಳೆ ಬಂದಾಗ ನೋಡಿದೆ. ನಿಜ, ನೀರು ಕಾಲು ಹೇಳಿದ ಕಡೆಗೇ ಹರಿಯುತ್ತಿತ್ತು. ಕೆರೆ ಕಟ್ಟಿದವರಿಗೆ ಇದೆಲ್ಲ ಗೊತ್ತಿತ್ತು. ಅವರೂ ನಡೆದೇ ನೋಡಿರಬೇಕು ಅಲ್ವಾ?

ಆಮೇಲೆ ವಾಸನೆ. ಅಗ್ರಹಾರದ ಹತ್ತಿರ ಕಾಫಿಪುಡಿ ಬೀಸುವ ವಾಸನೆ. ಅದು ಮುಗಿಯುವ ಮೊದಲೇ ಯಾರದೋ ಮನೆಯ ಒಗ್ಗರಣೆ. ಮಾರುಕಟ್ಟೆ ಹತ್ತಿರವಾದಂತೆ ಮೊದಲು ಕೊಳೆತ ಎಲೆಕೋಸು, ಆಮೇಲೆ ಮಲ್ಲಿಗೆ. ಯಾವಾಗಲೂ ಇದೇ ಕ್ರಮ. ಕಣ್ಣು ಮುಚ್ಚಿಕೊಂಡು ನಡೆಸಿದರೂ ಎಲ್ಲಿದ್ದೇನೆ ಅಂತ ಹೇಳಬಲ್ಲೆ. ಕಣ್ಣು ಬಿಟ್ಟುಕೊಂಡೇ ನಡೆಯಬೇಕು ಅನ್ನುವುದು ನಮ್ಮ ಫುಟ್‌ಪಾತ್‌ಗಳ ಕಾರಣಕ್ಕೆ.

ಹತ್ತೊಂಬತ್ತು ದಿನದ ಮೇಲೆ ಸ್ಕೂಟರ್ ಬಂತು. ಬೆಳಿಗ್ಗೆ ಹತ್ತಿದೆ. ಬ್ಯಾಂಕ್ ಮುಂದೆ ಇಳಿದಾಗ ಏನೋ ಕಳೆದುಕೊಂಡ ಹಾಗಾಯಿತು. ಬ್ಯಾಗು ಇದೆ, ಬೀಗದ ಕೈ ಇದೆ, ಊಟದ ಡಬ್ಬಿ ಇದೆ. ಕಳೆದದ್ದು ದಾರಿ. ಮನೆ ಇತ್ತು, ಬ್ಯಾಂಕ್ ಇತ್ತು, ನಡುವೆ ಏನೂ ಇರಲಿಲ್ಲ. ನಡೆಯುತ್ತಿದ್ದಾಗ ಮೈಸೂರು ದೊಡ್ಡ ಊರಾಗಿತ್ತು. ಮತ್ತೆ ಚಿಕ್ಕದಾಯಿತು. ಗಾಡಿ ಊರನ್ನು ಹತ್ತಿರ ತರುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಅದೇ ದೂರು. ಆ ವಾರವೇ ಸ್ಕೂಟರನ್ನು ತಂಗಿಯ ಮಗಳಿಗೆ ಕೊಟ್ಟೆ.

ಇಲ್ಲಿಂದ ಕಷ್ಟ ಶುರು. ಕಾಲಿಗಲ್ಲ, ಬಾಯಿಗೆ.

ಹೆಂಗಸೊಬ್ಬಳು ನಡೆದು ಹೋಗುತ್ತಿದ್ದರೆ ನಮ್ಮಲ್ಲಿ ಎಲ್ಲರಿಗೂ ಒಂದು ಪ್ರಶ್ನೆ ಕೇಳುವ ಹಕ್ಕಿದೆ. ‘ಎಲ್ಲಿಗೆ ಹೊರಟ್ರಿ, ನಡ್ಕೊಂಡು?’ ಬ್ಯಾಂಕಿಗೆ ಅಂದರೆ ‘ಯಾಕೆ, ಗಾಡಿ ಏನಾಯ್ತು?’ ಭಾನುವಾರ ಬೆಳಿಗ್ಗೆ ಹೊರಟರೆ ಇನ್ನೂ ಕಷ್ಟ. ‘ಸುಮ್ನೆ’ ಅಂದರೆ ಯಾರೂ ಒಪ್ಪುವುದಿಲ್ಲ. ಗಂಡಸರು ಸುಮ್ನೆ ನಡೆಯಬಹುದು. ಕೈ ಹಿಂದೆ ಕಟ್ಟಿಕೊಂಡು, ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು, ಸರ್ಕಲ್ಲಿನಲ್ಲಿ ನಿಂತು, ಆಕಾಶ ನೋಡಿ ವಾಪಸ್ ಬರಬಹುದು. ಹೆಂಗಸು ‘ಸುಮ್ನೆ’ ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತ ಅರ್ಥ. ಒಂದು ಸಲ ಒಬ್ಬರು ನನ್ನ ತಮ್ಮನಿಗೆ ಫೋನ್ ಮಾಡಿ, ‘ಅಕ್ಕ ಒಬ್ಬರೇ ರಿಂಗ್ ರೋಡ್ ಕಡೆ ಹೋಗ್ತಿದ್ರು, ಎಲ್ಲಾ ಸರಿ ಇದೆಯಾ?’ ಅಂತ ವಿಚಾರಿಸಿದ್ದರು. ಪಾಪ, ಕಾಳಜಿಯೇ. ಆದರೂ ನೋಡಿ!

ನಾನು ಕಂಡುಕೊಂಡ ಉಪಾಯ ಒಂದು ಬಟ್ಟೆ ಚೀಲ. ಖಾಲಿ ಚೀಲ. ಅದು ಕೈಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ತರಕಾರಿಗೆ ಹೋಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಆ ಖಾಲಿ ಚೀಲ ಹಿಡಿದುಕೊಂಡು ಹದಿನೈದು ಕಿಲೋಮೀಟರ್ ನಡೆದು ಶ್ರೀರಂಗಪಟ್ಟಣ ಮುಟ್ಟಿದ್ದೇನೆ. ಇಲ್ಲಿರುವ ಹೆಣ್ಣುಮಕ್ಕಳಿಗೆ ಇದನ್ನು ಬಿಟ್ಟಿಯಾಗಿ ಹೇಳಿಕೊಡುತ್ತಿದ್ದೇನೆ.

ತಮಾಷೆ ನೋಡಿ. ನಮ್ಮ ಭಾಷೆ ತುಂಬಾ ನಡಿಗೆಯೇ ಇದೆ. ವ್ಯಾಪಾರ ಹೇಗೆ ನಡೀತಿದೆ ಅನ್ನುತ್ತೇವೆ. ಇಷ್ಟು ಕೊಟ್ಟರೆ ನಡೆಯುತ್ತದೆ. ಮದುವೆ ನಡೆಯಿತು. ಮನೆ ನಡೆಸುವವಳು. ಮನುಷ್ಯ ಒಳ್ಳೆಯವನಾ ಅಂತ ತಿಳಿಯಲು ಅವನ ನಡೆ ನೋಡು, ನಡವಳಿಕೆ ನೋಡು ಅನ್ನುತ್ತೇವೆ. ಬದುಕೆಲ್ಲ ಕಾಲಿನ ಮೇಲೇ ಇದೆ. ನಿಜವಾಗಿ ನಡೆದವಳನ್ನು ಮಾತ್ರ ನಿಲ್ಲಿಸಿ ಯಾಕೆ ಅಂತ ಕೇಳುತ್ತೇವೆ.

ಅಳತೆಗಳೂ ಹಾಗೇ ಇದ್ದವು. ಕೂಗಳತೆ ಅಂದರೆ ಕೂಗಿದರೆ ಕೇಳುವಷ್ಟು ದೂರ. ಅದಕ್ಕಿಂತ ಹತ್ತಿರ ಕಲ್ಲೆಸೆತ. ಹರದಾರಿ ಅಂದರೆ ಸುಮಾರು ಮೂರು ಮೈಲಿ. ಗಾವುದ ಅಂದರೆ ಸುಮಾರು ಹನ್ನೆರಡು ಮೈಲಿ. ಹನ್ನೆರಡು ಮೈಲಿ ಅಂದರೆ ಹತ್ತೊಂಬತ್ತು ಕಿಲೋಮೀಟರ್ ಚಿಲ್ಲರೆ. ಗಂಟುಮೂಟೆ ಹೊತ್ತು, ಮಕ್ಕಳು ಮರಿ ಕಟ್ಟಿಕೊಂಡು ಒಂದು ದಿನಕ್ಕೆ ಸಮಾಧಾನವಾಗಿ ನಡೆಯುವ ದೂರವೇ ಅದು. ನಾನು ಸುಮಾರು ಸಲ ನಡೆದು ನೋಡಿದ್ದೇನೆ. ಹತ್ತೊಂಬತ್ತಿಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕಾಲು ತಾನಾಗಿಯೇ ಜಗುಲಿ ಹುಡುಕಲು ಶುರು ಮಾಡುತ್ತದೆ. ಚಾಮರಾಜನಗರದ ಕಡೆ ಒಬ್ಬ ಅಜ್ಜಿಯನ್ನು ಮುಂದಿನ ಊರು ಎಷ್ಟು ದೂರ ಅಂತ ಕೇಳಿದೆ. ‘ಇಲ್ಲೇ ಅದ ಕನವ್ವ, ಒಂದು ಎಲಡಕ ಹಾಕೊಳಗಂಟ’ ಅಂದಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಒಂದೂವರೆ ಗಂಟೆ ನಡೆದೆ. ಅವಳ ಎಲೆ ಅಡಿಕೆ ಎಷ್ಟು ದೊಡ್ಡದೋ!

ನನ್ನ ಮೊದಲ ಉದ್ದದ ನಡಿಗೆ ನಂಜನಗೂಡಿಗೆ. ಇಪ್ಪತ್ಮೂರು ಕಿಲೋಮೀಟರ್. ಬ್ಯಾಂಕಿನ ಇಬ್ಬರು ಗೆಳತಿಯರು ಜೊತೆಗಿದ್ದರು. ಬೆಳಗಿನ ಜಾವ ಐದಕ್ಕೆ ಹೊರಟೆವು. ನಂಜನಗೂಡಿಗೆ ಕಾರಿನಲ್ಲಿ ನೂರು ಸಲ ಹೋಗಿದ್ದೇನೆ. ಊರಿನ ಹತ್ತಿರ ಹೊಳೆಯ ಮೇಲೆ ಹಳೆಯ ಸೇತುವೆ ಇದೆ, 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ್ದು. ಕಲ್ಲಿನ ಕಮಾನುಗಳು. ಒಂದು ಕಾಲದಲ್ಲಿ ಅದರ ಮೇಲೆ ರೈಲೂ ಹೋಗುತ್ತಿತ್ತು, ಪಕ್ಕದಲ್ಲೇ ಗಾಡಿಗಳೂ ಹೋಗುತ್ತಿದ್ದವು. ರೈಲು ಅನ್ನುವುದು ಹುಟ್ಟುವ ಮೊದಲೇ ಕಟ್ಟಿದ ಸೇತುವೆ ರೈಲನ್ನು ಹೊತ್ತಿತು! ಕಾರಿನಲ್ಲಿ ಹೋದ ನೂರು ಸಲವೂ ಅದು ಕಿಟಕಿಯಲ್ಲಿ ಬಂದು ಹೋಗಿತ್ತು. ಅವತ್ತು ಅದರ ಪಕ್ಕದ ಕಲ್ಲಿನ ಮೇಲೆ ಮುಕ್ಕಾಲು ಗಂಟೆ ಕೂತೆವು. ಇತಿಹಾಸದ ಪ್ರೀತಿಯಿಂದಲ್ಲ, ಕಾಲು ನೋವಿನಿಂದ. ಕಾಲು ನೋವಿದ್ದಾಗ ನೋಡಿದ್ದು ಚೆನ್ನಾಗಿ ನೆನಪಿರುತ್ತದೆ.

ನಡೆಯಲು ಏನೇನು ಬೇಕು ಅಂತ ಚೀಟಿಯಲ್ಲಿ ಯಾರೋ ಕೇಳಿದ್ದಾರೆ. ಹಳೆಯ ಚಪ್ಪಲಿ ಅಥವಾ ಹಳೆಯ ಶೂ. ಉದ್ದದ ನಡಿಗೆಗೆ ಹೊಸದು ಬೇಡವೇ ಬೇಡ. ಹತ್ತಿಯ ಕಾಲುಚೀಲ ಒದ್ದೆಯಾದರೆ ಬೊಬ್ಬೆ ಗ್ಯಾರಂಟಿ, ಬೇರೆ ಜೊತೆ ಇಟ್ಟುಕೊಳ್ಳಿ. ತೊಡೆ ಉಜ್ಜುವ ಕಡೆ ಕೊಬ್ಬರಿ ಎಣ್ಣೆ. ಇದನ್ನು ವೇದಿಕೆಯ ಮೇಲೆ ಹೇಳಬಾರದೇನೋ, ಆದರೆ ಯಾರೂ ಹೇಳದೆ ಹೋದದ್ದರಿಂದಲೇ ನಾನು ಮೊದಲ ಸಲ ನರಳಿದ್ದು. ಮಿಕ್ಕದ್ದೆಲ್ಲ ಅಂಗಡಿಯವರ ಮಾತು.

ಈಗ ಮಾದಪ್ಪನ ಬೆಟ್ಟದ ವಿಷಯ. ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದದ್ದೇ ಇದು.

ರಿಟೈರ್ ಆದ ವರ್ಷ ಶಿವರಾತ್ರಿಗೆ ಮೈಸೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೆ. ಸುಮಾರು 150 ಕಿಲೋಮೀಟರ್, ಐದು ದಿನ. ನಮ್ಮ ಕಡೆ ಇದು ಹೊಸದೇನಲ್ಲ. ಪ್ರತಿ ವರ್ಷ ಸಾವಿರಾರು ಜನ ನಡೆಯುತ್ತಾರೆ. ಮೈಸೂರು, ಮಂಡ್ಯ, ರಾಮನಗರ ಕಡೆಯಿಂದೆಲ್ಲ ಗುಂಪುಗಳು ಹೊರಡುತ್ತವೆ. ಕನಕಪುರದ ಕಡೆಯವರು ಕಾಡು ಹೊಕ್ಕು ಕಾವೇರಿಯನ್ನೇ ದಾಟಿ ಬರುತ್ತಾರೆ. ನಾನು ಅಷ್ಟೇನೂ ದೈವಭಕ್ತೆ ಅಲ್ಲ. ಆದರೆ ಒಂದು ಮಜಾ ಗೊತ್ತಾ? ‘ಎಲ್ಗವ್ವ ಹೊಂಟೆ?’ ಅಂತ ದಾರಿಯಲ್ಲಿ ಯಾರು ಕೇಳಿದರೂ ‘ಮಾದಪ್ಪನ ಬೆಟ್ಟಕ್ಕೆ’ ಅಂದರೆ ಸಾಕು. ಮುಂದಿನ ಪ್ರಶ್ನೆ ಇಲ್ಲ. ಒಬ್ಬಳೇನಾ, ಗಂಡ ಎಲ್ಲಿ, ಮಕ್ಕಳಿಲ್ವಾ, ಯಾವುದೂ ಇಲ್ಲ. ಕೈ ಮುಗಿಯುತ್ತಾರೆ. ಮಜ್ಜಿಗೆ ಕೊಡುತ್ತಾರೆ. ಸುಮ್ನೆ ನಡೆಯುವುದಕ್ಕೆ ಸಿಗದ ಅನುಮತಿ ದೇವರ ಹೆಸರಿಗೆ ಸಿಕ್ಕಿಬಿಡುತ್ತದೆ. ನಮ್ಮ ಅಜ್ಜಿಯಂದಿರು ವರ್ಷಕ್ಕೊಂದು ಹರಕೆ ಯಾಕೆ ಹೊರುತ್ತಿದ್ದರು ಅಂತ ಅವತ್ತು ಅರ್ಥ ಆಯಿತು. ಎಲ್ಲ ಹರಕೆಯೂ ಬರೀ ಭಕ್ತಿ ಅಂತ ನಾನು ಇನ್ನು ಮುಂದೆ ನಂಬುವುದಿಲ್ಲ. ನನ್ನ ಖಾಲಿ ಚೀಲಕ್ಕಿಂತ ಅವರ ಉಪಾಯ ಸಾವಿರ ಪಾಲು ಮೇಲು.

ಮೊದಲ ದಿನ ತಿರುಮಕೂಡಲು ನರಸೀಪುರ. ಮೂವತ್ತು ಕಿಲೋಮೀಟರ್. ನಲವತ್ತು ಸಾವಿರ ಹೆಜ್ಜೆಗೂ ಜಾಸ್ತಿ. ಆ ಜಪಾನಿನ ಮೀಟರು ಇದ್ದಿದ್ದರೆ ತಲೆ ತಿರುಗಿ ಬೀಳುತ್ತಿತ್ತು. ವರುಣ ದಾಟುವ ತನಕ ಎಲ್ಲರೂ ಹಾಡುತ್ತಿದ್ದರು. ಆಮೇಲೆ ಮಾತಾಡುತ್ತಿದ್ದರು. ಆಮೇಲೆ ಬರೀ ಚಪ್ಪಲಿಯ ಸದ್ದು. ಸಂಜೆ ಸಂಗಮದಲ್ಲಿ, ಕಪಿಲೆ ಕಾವೇರಿ ಸೇರುವ ಕಡೆ, ಎಲ್ಲರೂ ಕಾಲು ಅದ್ದಿ ಕೂತರು. ನನ್ನ ಪಕ್ಕದಲ್ಲಿ ಒಬ್ಬ ಮುದುಕ. ಎಪ್ಪತ್ತೈದು ದಾಟಿರಬೇಕು. ಬರಿಗಾಲು, ಕೈಯಲ್ಲಿ ಬಿದಿರು ಕೋಲು, ಹೆಗಲಿಗೆ ಹಳದಿ ಬಟ್ಟೆಯ ಗಂಟು. ಯಾವ ಗುಂಪಿನವನೂ ಅಲ್ಲ. ‘ಜೊತೇಲಿ ಬನ್ನಿ ತಾತ’ ಅಂದೆ. ‘ನೀವು ಮುಂದ ನಡೀರಿ, ನಾ ಬತ್ತೀನಿ’ ಅಂದ.

ಎರಡನೇ ದಿನ ಕೊಳ್ಳೇಗಾಲ. ನಾಲೆಯ ನೀರಿನ ಸೀಮೆ. ಭತ್ತ, ಕಬ್ಬು, ಎಲ್ಲ ಹಸಿರು. ಬೊಬ್ಬೆ ಎದ್ದಿದ್ದು ಅವತ್ತೇ. ದಾರಿಯ ಉದ್ದಕ್ಕೂ ಶಾಮಿಯಾನ ಹಾಕಿ ಪಾನಕ, ಮಜ್ಜಿಗೆ, ರೈಸ್‌ಬಾತ್ ಕೊಡುತ್ತಿದ್ದರು. ಒಂದು ಕಡೆ ಶಾಲೆ ಹುಡುಗಿಯರು ಬಕೆಟ್ಟಿನಲ್ಲಿ ಬಿಸಿನೀರು, ಉಪ್ಪು ಹಾಕಿ ಇಟ್ಟಿದ್ದರು. ನಡೆಯುವವರು ಕಾಲು ಇಡಲಿ ಅಂತ. ಹಿಂದೆ ಇದಕ್ಕೆ ಅರವಟ್ಟಿಗೆ ಅನ್ನುತ್ತಿದ್ದರು. ದಾರಿಹೋಕರಿಗೆ ನೀರಿಡುವ ಜಾಗ. ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲು ಹೆಗಲೆತ್ತರಕ್ಕೆ ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸುತ್ತಿದ್ದರು, ಹೊರೆಗಲ್ಲು ಅಂತ. ಹಳೆಯ ದಾರಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಇವೆ. ಯಾರು ಬರುತ್ತಾರೋ ಗೊತ್ತಿಲ್ಲ, ಬಂದವರಿಗೆ ಭಾರ ಇರುತ್ತದೆ ಅಂತ ಮಾತ್ರ ಗೊತ್ತು. ಅಷ್ಟಕ್ಕೇ ಕಲ್ಲು ಹೊತ್ತು ತಂದು ನಿಲ್ಲಿಸಿದ್ದಾರೆ. ನಮ್ಮ ಕಾಲದ ಫುಟ್‌ಪಾತ್ ನೆನಪಾಗಿ ಹೊಟ್ಟೆ ಉರಿಯಿತು. ದೇಶದ ರಸ್ತೆ ನಿಯಮದ ಪುಸ್ತಕದಲ್ಲಿ ಫುಟ್‌ಪಾತ್ ಕಡೇಪಕ್ಷ 1.8 ಮೀಟರ್ ಅಗಲ, ಅಡ್ಡಿ ಇಲ್ಲದೆ ಇರಬೇಕು ಅಂತ ಬರೆದಿದೆ. ನನ್ನ ನಾಲ್ಕೂವರೆ ಕಿಲೋಮೀಟರಿನಲ್ಲಿ ಇರುವುದು ಟ್ರಾನ್ಸ್‌ಫಾರ್ಮರು, ಜಲ್ಲಿ ರಾಶಿ, ನಿಲ್ಲಿಸಿದ ಬೈಕು, ಮತ್ತು ಬಾಯಿ ತೆರೆದ ಚರಂಡಿ.

ಕೊಳ್ಳೇಗಾಲದಲ್ಲಿ ರಾತ್ರಿ ಒಂದು ಛತ್ರದಲ್ಲಿ ಮಲಗಿದೆವು. ಗುಂಪಿನ ಒಬ್ಬ ಹುಡುಗ ಕಾಲು ನೋವಿಗೆ ಸಿಟ್ಟಾಗಿ, ‘ಬೈಕಲ್ಲಿ ಬಂದ್ರೆ ಮಾದಪ್ಪ ಬೇಡ ಅಂತಾನಾ?’ ಅಂದ. ಒಳ್ಳೆಯ ಪ್ರಶ್ನೆ. ಅವನಿಗೆ ಅವತ್ತು ಉತ್ತರ ಹೇಳಲು ಆಗಲಿಲ್ಲ, ನಿದ್ದೆ ಬಂದಿತ್ತು. ಈಗ ಹೇಳುತ್ತೇನೆ.

1930ರಲ್ಲಿ ಗಾಂಧೀಜಿ ಉಪ್ಪು ಮಾಡಲು ದಂಡಿಗೆ ಹೋದರು. ಅಹಮದಾಬಾದಿನಿಂದ ಸೂರತ್ ಕಡೆಗೆ ಆಗಲೇ ರೈಲಿತ್ತು. ಒಂದು ರಾತ್ರಿಯಲ್ಲಿ ಹೋಗಿ ಉಪ್ಪು ಎತ್ತಬಹುದಿತ್ತು. ಅವರು ನಡೆದರು. ಅರವತ್ತು ದಾಟಿದ ಮನುಷ್ಯ. ಮಾರ್ಚ್ 12ಕ್ಕೆ ಸಾಬರಮತಿ ಬಿಟ್ಟು ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು. ಸುಮಾರು 385 ಕಿಲೋಮೀಟರ್. ರೈಲಿನಲ್ಲಿ ಹೋಗಿದ್ದರೆ ಅದು ಒಂದು ದಿನದ ಸುದ್ದಿ. ನಡೆದದ್ದರಿಂದ ಮೂರು ವಾರಕ್ಕೂ ಜಾಸ್ತಿ ದಿನ ಪೇಪರಿನವರು ಬರೆದರು. ಊರೂರಿನ ಜನಕ್ಕೆ ಬಂದು ಸೇರಲು ಹೊತ್ತು ಸಿಕ್ಕಿತು. ಹಿಡಿಯೋಣವೋ ಬಿಡೋಣವೋ ಅಂತ ಸರ್ಕಾರ ದಿನಾ ತಲೆ ಕೆಡಿಸಿಕೊಂಡಿತು. ಅಲ್ಲಿ ಕೆಲಸ ಮಾಡಿದ್ದೇ ನಿಧಾನ. ಅವತ್ತು ಅವರ ಜೊತೆ ಹೊರಟವರು 78 ಜನ. ಅದರಲ್ಲಿ ಒಬ್ಬನೇ ಕನ್ನಡಿಗ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ನನ್ನ ಗುಂಪಿನ ಆ ಹುಡುಗನ ವಯಸ್ಸೇ. ಅವನ ಕಾಲಿಗೂ ಬೊಬ್ಬೆ ಬಂದಿತ್ತೇ, ಅವನೂ ರಾತ್ರಿ ಗೊಣಗಿದನೇ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಸತ್ತ.

ಮೂರನೇ ದಿನ ಹನೂರು. ಕೊಳ್ಳೇಗಾಲ ದಾಟಿದ ಮೇಲೆ ನೆಲ ಬದಲಾಗುತ್ತದೆ. ಕಾರಿನಲ್ಲಿ ಹೋದರೆ ಅದು ಥಟ್ ಅಂತ ಆಗುತ್ತದೆ, ನಡೆದರೆ ಆಗುವುದೇ ಗೊತ್ತಾಗುವುದಿಲ್ಲ. ಕಬ್ಬು ಯಾವಾಗ ಮುಗಿಯಿತು ಅಂತ ತಿರುಗಿ ನೋಡಿದರೆ ಎಲ್ಲೂ ಇಲ್ಲ. ಹುಣಸೆ ಮರಗಳು. ಹಣ್ಣು ಬಡಿಯುವ ಕಾಲ. ರಸ್ತೆ ಬದಿಯಲ್ಲಿ ಹೆಂಗಸರು ಹುಣಸೆ ಕುಟ್ಟುತ್ತಾ ಕೂತಿದ್ದರು. ದೂರದಲ್ಲಿ ಮುತ್ತುಗದ ಮರಗಳು, ಒಂದು ಎಲೆ ಇಲ್ಲ, ಮೈತುಂಬ ಕೆಂಪು ಹೂವು. ನಮ್ಮ ಮುಂದೆ ಹೋಗುತ್ತಿದ್ದ ಕಂಸಾಳೆಯವರು ಮಾದಪ್ಪನ ಕಥೆ ಹಾಡುತ್ತಿದ್ದರು. ಆ ಕಥೆಯಲ್ಲಿ ಮಾದಪ್ಪನೂ ನಡೆದು ಬಂದವನೇ. ಉತ್ತರದಿಂದ ಬಂದ, ಸುತ್ತೂರು ಮಠದಲ್ಲಿ ರಾಗಿ ಬೀಸಿದ, ಕುಂತೂರು ಮಠಕ್ಕೆ ಹೋದ, ಆಮೇಲೆ ಏಳುಮಲೆಗೆ ಬಂದ. ಹುಲಿ ಏರಿದ್ದೆಲ್ಲ ಆಮೇಲೆ. ಮೊದಲು ಅವನದೂ ನಟರಾಜ ಸರ್ವೀಸೇ.

ಆ ದಿನವೇ ನನ್ನ ಬಾಯಿ ಮುಚ್ಚಿಸಿದ ಒಂದು ಮಾತು ಬಂತು. ಜೊತೆಯಲ್ಲಿ ನಡೆಯುತ್ತಿದ್ದವನೊಬ್ಬ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವನು. ನಡಿಗೆ ಎಷ್ಟು ಚೆಂದ ಅಂತ ನಾನು ಉಪನ್ಯಾಸ ಶುರು ಮಾಡಿದ್ದೆ. ಅವನು ಕೇಳಿಸಿಕೊಂಡು, ‘ಅಮ್ಮಾ, ಕೊರೋನಾದಲ್ಲಿ ನಾನು ಹೆಂಡ್ತಿ ಮಗೂನ ಕರ್ಕೊಂಡು ಬೆಂಗಳೂರಿಂದ ನಡ್ಕೊಂಡೇ ಬಂದೆ. ಅವತ್ತು ಯಾರೂ ಪಾನಕ ಕೊಡ್ಲಿಲ್ಲ’ ಅಂದ. 2020ರ ಮಾರ್ಚಿನಲ್ಲಿ ಬಸ್ಸು ರೈಲು ನಿಂತಾಗ ಹೆದ್ದಾರಿ ತುಂಬಾ ನಡೆದವರನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಕಾಲು ಅದೇ, ಟಾರು ಅದೇ, ಬೊಬ್ಬೆಯೂ ಅದೇ. ನಾನು ಬೇಕೆಂದಾಗ ಬಸ್ಸಿಗೆ ಕೈ ಅಡ್ಡ ಹಾಕಬಲ್ಲೆ ಅನ್ನುವ ಧೈರ್ಯದ ಮೇಲೆ ನನ್ನ ಖುಷಿ ನಿಂತಿದೆ. ಶುರುವಿನಲ್ಲಿ ಕಳ್ಳಮಾಲು ಅಂದೆನಲ್ಲ, ಇದೇ ಅದು. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನೀರು ಹೊತ್ತು ಮೈಲಿಗಟ್ಟಲೆ ನಡೆಯುವ ಹೆಂಗಸಿಗೆ ಹೋಗಿ ನಡಿಗೆಯ ಸುಖ ಹೇಳುವ ಮುಖ ನನಗಿಲ್ಲ. ಮನೆ ಮುಂದೆ ಗಾಡಿ ನಿಂತಿರುವವರಿಗೆ ಮಾತ್ರ ಈ ಭಾಷಣ. ‘ಅವತ್ತು ನಡೆದವನು ಮತ್ತೆ ಈಗ ಯಾಕೆ ನಡೀತಿದ್ದೀಯಪ್ಪ?’ ಅಂತ ಕೇಳಿದೆ. ‘ಮೂವರೂ ಜೀವಂತ ಮನೆ ಸೇರಿದ್ರೆ ನಡ್ಕೊಂಡು ಬತ್ತೀನಿ ಅಂತ ಮಾದಪ್ಪಂಗೆ ಹೇಳಿದ್ದೆ’ ಅಂದ.

ನಾಲ್ಕನೇ ದಿನ ಬಲು ಉದ್ದ. ಕೌದಳ್ಳಿ ದಾಟಿ ತಾಳಬೆಟ್ಟದ ತನಕ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಿಸಿಲು, ಟಾರು, ಕಾಲು. ಮಧ್ಯಾಹ್ನದ ಮೇಲೆ ತಲೆಯಲ್ಲಿ ಒಂದು ಯೋಚನೆಯೂ ಇರಲಿಲ್ಲ. ಮೂವತ್ತು ವರ್ಷ ಧ್ಯಾನದ ಪುಸ್ತಕ ಓದಿ ಆಗದೇ ಇದ್ದದ್ದು ಅದು.

ಐದನೇ ದಿನ ಬೆಟ್ಟ. ತಾಳಬೆಟ್ಟದಿಂದ ಮೇಲಕ್ಕೆ ಸುಮಾರು 18 ಕಿಲೋಮೀಟರ್, ಕಾಡು. 2013ರಿಂದ ಇದು ವನ್ಯಜೀವಿ ಧಾಮ. ಆನೆ, ಚಿರತೆ, ಹುಲಿ ಎಲ್ಲ ಇವೆ. ಹಾಗಾಗಿ ನೀವು ಯಾರಾದರೂ ಹೊರಡುವುದಾದರೆ ಅರಣ್ಯದವರನ್ನು ಕೇಳಿಕೊಂಡು, ಗುಂಪಿನಲ್ಲಿ, ಹಗಲು ಹೊತ್ತು ಮಾತ್ರ ಹೋಗಿ. ನನ್ನ ಮಾತು ಕೇಳಿ ಕತ್ತಲಲ್ಲಿ ಹೋದೆವು ಅನ್ನಬೇಡಿ. ನಾವು ಬೆಳಕು ಹರಿದ ಮೇಲೇ ಹೊರಟೆವು. ಒಂದು ಸುತ್ತು ಹತ್ತಿದರೆ ಇನ್ನೊಂದು ಬೆಟ್ಟ, ಅದರ ಹಿಂದೆ ಇನ್ನೊಂದು. ಎಪ್ಪತ್ತೇಳು ಮಲೆ ಅನ್ನುತ್ತಾರೆ. ಎಣಿಸಿದವರು ಯಾರೋ, ಕಾಲಿಗಂತೂ ಕಡಿಮೆಯೇ ಅನ್ನಿಸಿತು. ಎಲ್ಲಿಂದಲೋ ಒಬ್ಬ ‘ಉಘೇ’ ಅನ್ನುತ್ತಿದ್ದ. ಮುಂದಿನ ತಿರುವಿನಲ್ಲಿ, ಮೇಲಿನ ತಿರುವಿನಲ್ಲಿ, ಕಾಣದ ಜನ ‘ಉಘೇ ಮಾದಪ್ಪ’ ಅನ್ನುತ್ತಿದ್ದರು. ಕೂಗಳತೆ ಅಂದರೆ ಏನು ಅಂತ ಅಲ್ಲಿ ಕೇಳಿಸಿಕೊಳ್ಳಬೇಕು.

ದೇವರ ದರ್ಶನ ನೂಕುನುಗ್ಗಲಲ್ಲಿ ಅರ್ಧ ನಿಮಿಷ ಆಯಿತು. ಅದರ ಬಗ್ಗೆ ಬೇಜಾರಿಲ್ಲ.

ಹಬ್ಬ ಮುಗಿದ ಮಾರನೇ ದಿನ ಬಸ್ಸಿನಲ್ಲಿ ವಾಪಸ್ ಹೊರಟೆ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಕಿಟಕಿ ಪಕ್ಕ ಕೂತೆ. ಬೆಟ್ಟ ಇಳಿಯುವುದು ಎಷ್ಟು ಬೇಗ! ನಾವು ಉಸಿರು ಹಿಡಿದು ಕೂತಿದ್ದ ಬಂಡೆ ಬಂತು, ಹೋಯಿತು. ನೀರು ಕುಡಿದ ಜಾಗ ಬಂತು, ಹೋಯಿತು. ಪಕ್ಕದ ಸೀಟಿನವಳಿಗೆ ‘ಅಲ್ಲಿ ನೋಡಿ, ಅಲ್ಲಿ ನಾವು’ ಅನ್ನುವಷ್ಟರಲ್ಲಿ ಆ ಅಲ್ಲಿ ಇರುತ್ತಲೇ ಇರಲಿಲ್ಲ. ಆಮೇಲೆ ಹೇಳುವುದನ್ನು ಬಿಟ್ಟೆ. ರಸ್ತೆ ಬದಿಯ ಶಾಮಿಯಾನಗಳನ್ನು ಬಿಚ್ಚಿ ಲಾರಿಗೆ ತುಂಬುತ್ತಿದ್ದರು.

ಕೌದಳ್ಳಿಗೆ ಇನ್ನೂ ಸ್ವಲ್ಪ ದೂರ ಇತ್ತು. ಎದುರಿನಿಂದ ಒಬ್ಬ ಬರುತ್ತಿದ್ದ. ಬಿದಿರು ಕೋಲು, ಹಳದಿ ಗಂಟು. ಸಂಗಮದಲ್ಲಿ ಸಿಕ್ಕ ಅದೇ ತಾತ. ಹಬ್ಬ ಮುಗಿದಿತ್ತು, ತೇರು ಮುಗಿದಿತ್ತು, ಬೆಟ್ಟದ ಮೇಲಿನ ಜನ ಎಲ್ಲ ಕೆಳಗೆ ಇಳಿಯುತ್ತಿದ್ದರು. ಅವನು ಇನ್ನೂ ಹೋಗುತ್ತಿದ್ದ. ಡ್ರೈವರ್ ಹಾರನ್ ಹೊಡೆದ. ತಾತ ರಸ್ತೆ ಬಿಟ್ಟು ಮಣ್ಣಿಗೆ ಇಳಿದು ನಿಂತ. ನಾನು ಕಿಟಕಿಯಿಂದ ಕೈ ಬೀಸಿದೆ. ಅವನು ನನ್ನನ್ನು ನೋಡಲಿಲ್ಲ, ಬಸ್ಸು ಹೋಗಲಿ ಅಂತ ಕಾಯುತ್ತಿದ್ದ. ತಿರುಗಿ ನೋಡಿದಾಗ ಮತ್ತೆ ಟಾರಿಗೆ ಹತ್ತಿದ್ದ. ಮೊದಲ ದಿನದ ನಡಿಗೆಯೇ. ಒಂಚೂರೂ ಅವಸರ ಇರಲಿಲ್ಲ.